ನಮ್ಮ ಮನೆಯಲ್ಲಿ ಆಟ ಇದೆ

ನಾನು ಕೈ ಬೀಸಿ ಮಾತಾಡುವ ಮನುಷ್ಯನಲ್ಲ. ಹಾಗೆ ನೋಡಿದರೆ ಮಾತಾಡುವ ಮನುಷ್ಯನೂ ಅಲ್ಲ. ಸಾಂತಾಕ್ರೂಜಿನ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಆಯುಷ್ಯ ಕಳೆದವನಿಗೆ ಇವೆರಡೂ ಬೇಕಾಗಲಿಲ್ಲ. ಗಿರಾಕಿ ಬಂದಾಗ ಒಂದು ನಗು, ಹೋಗುವಾಗ ಸೋಂಪಿನ ಬಟ್ಟಲನ್ನು ಅವರ ಕಡೆ ಸ್ವಲ್ಪ ದೂಡುವುದು, ಅಷ್ಟರಲ್ಲಿ ನನ್ನ ಲೋಕವ್ಯವಹಾರ ಮುಗಿಯುತ್ತಿತ್ತು. ಈ ಮುಂಬಯಿಯಲ್ಲಿ ಉಳಿದವರೆಲ್ಲ ಕೈಯಲ್ಲೇ ಮಾತಾಡುತ್ತಾರೆ. ರಿಕ್ಷಾದವನು ಬರುವುದಿಲ್ಲ ಎನ್ನಲು ಬಾಯಿ ತೆರೆಯುವುದಿಲ್ಲ, ಎರಡು ಬೆರಳು ಅಲ್ಲಾಡಿಸುತ್ತಾನೆ. ತುಂಬಿದ ಲೋಕಲ್ ರೈಲಿನಲ್ಲಿ ನಿಂತವರು ಇಳಿಯುವ ಸ್ಟೇಷನ್ ಯಾವುದೆಂದು ಗದ್ದ ಎತ್ತಿಯೇ ಕೇಳುತ್ತಾರೆ. ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಯಾರಿಗಾದರೂ ಟಾಟಾ ಮಾಡಿದರೆ, ಪಾಪ, ಸೊಳ್ಳೆ ಓಡಿಸುತ್ತಿದ್ದಾನೆ ಎಂದುಕೊಂಡು ಅವರು ಬೇರೆ ಕಡೆ ನೋಡುತ್ತಾರೆ. "ಮದುವೆಯ ದಿನ ನನ್ನ ಕೈ ಹಿಡಿದರಲ್ಲ, ಆ ಕೈ ಆಮೇಲೆ ಅಲ್ಲಾಡಿದ್ದು ಊಟಕ್ಕೆ ಮಾತ್ರ" ಎಂದು ನನ್ನ ಹೆಂಡತಿ ಸುಮತಿ ನೆಂಟರ ಎದುರಿಗೇ ಹೇಳುತ್ತಿದ್ದಳು. ಅವಳು ತೀರಿಹೋಗಿ ವರ್ಷ ತುಂಬುವುದಕ್ಕೆ ತಿಂಗಳಷ್ಟೇ ಬಾಕಿ ಇದ್ದಾಗ, ಕೈಕಾಲು ಬೀಸದಿದ್ದರೆ ಕೆಲಸವನ್ನೇ ಮಾಡದ ಒಂದು ಯಂತ್ರ ಭಾಂಡುಪಿನ ನಮ್ಮ ಫ್ಲ್ಯಾಟಿಗೆ ಬಂತು.

ತಂದವಳು ಮಗಳು ಅಕ್ಷತಾ. ಹೊಸ ಸಾಮಾನುಗಳನ್ನು ಪೇಟೆಗೆ ಬಿಡುವ ಮೊದಲು ಮನೆಮನೆಗೆ ಕೊಟ್ಟು, ಜನರಿಗೆ ಹಿಡಿಸುತ್ತದೋ ಇಲ್ಲವೋ ಎಂದು ನೋಡುವುದು ಅವಳ ಕಂಪನಿಯ ಕೆಲಸ. ಈ ಸಲ ಸಿಕ್ಕಿದ್ದು ಒಂದು ಗೇಮಿನ ಪೆಟ್ಟಿಗೆ. ಟಿವಿಯ ತಲೆಯ ಮೇಲೆ ಅದರ ಕಣ್ಣನ್ನು ಕೂರಿಸಬೇಕು. ಎದುರಿಗೆ ನಾವು ನಿಂತರೆ ಅದು ನಮ್ಮನ್ನು ನೋಡುತ್ತದೆ. ನಾವು ಕೈ ಎತ್ತಿದರೆ ಟಿವಿಯೊಳಗಿನ ಬೊಂಬೆಯೂ ಕೈ ಎತ್ತುತ್ತದೆ, ನಾವು ಹಾರಿದರೆ ಅದೂ ಹಾರುತ್ತದೆ. ಕೈಯಲ್ಲಿ ಗುಂಡಿ, ತಂತಿ ಏನೂ ಬೇಡ. ಯಾವತ್ತೂ ಗೇಮ್ ಆಡದವರನ್ನೂ ಇದು ಒಲಿಸಿಕೊಳ್ಳಬಲ್ಲದೇ ಎಂಬುದು ಕಂಪನಿಯ ಪ್ರಶ್ನೆ.

"ಪಪ್ಪಾ, ಅವರಿಗೆ ಗೇಮ್ ಆಡದವರ ಮನೆ ಬೇಕಂತೆ. ಏಕ್‌ದಮ್ ಝೀರೊ. ನಾನು ನಮ್ಮ ಮನೆ ಹೆಸರೇ ಕೊಟ್ಟೆ" ಎಂದಳು.

"ನಾನು ಕೇರಂ ಆಡಿದ್ದೇನಲ್ಲ?"

"ಆಡಿದ್ದಲ್ಲ ಪಪ್ಪಾ, ನೋಡಿದ್ದು. ಮಮ್ಮಿ ಹೇಳಿದ್ರು."

ಮನೆಯಲ್ಲಿ ಇನ್ನೊಬ್ಬರಿದ್ದರು. ಆಟದ ಲೆಕ್ಕದಲ್ಲಿ ಅವರು ನನಗಿಂತಲೂ ದೊಡ್ಡ ಸೊನ್ನೆ ಎಂದು ನಾನು ತಿಳಿದಿದ್ದೆ. ನನ್ನ ಅತ್ತೆ, ಎಂದರೆ ಸುಮತಿಯ ತಾಯಿ. ಅಕ್ಷತಾ ಹುಟ್ಟಿದಾಗ ಬಾಣಂತನಕ್ಕೆಂದು ಉಡುಪಿಯ ಕಡೆಯಿಂದ ಬಂದವರು ಮಗಳ ಮನೆಯಲ್ಲೇ ನಿಂತುಬಿಟ್ಟರು. ನಮ್ಮ ಮನೆಮಾತು ತುಳು. ಅವರ ಮಾತುಗಳನ್ನು ಇಲ್ಲಿ ನಮ್ಮೂರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಾಗಲಿ ಕನ್ನಡವಾಗಲಿ, ಅತ್ತೆ ನನ್ನ ಜೊತೆ ನೇರವಾಗಿ ಒಂದು ಮಾತೂ ಆಡಿದವರಲ್ಲ. ಅತ್ತೆ, ಅಳಿಯ ಎದುರುಬದುರು ನಿಂತು ಮಾತಾಡಬಾರದೆಂಬುದು ಅವರ ಕಾಲದ ಮರ್ಯಾದೆ. ನಾನೋ ಆ ಮರ್ಯಾದೆಗೆಂದೇ ಹುಟ್ಟಿದವನು. ಒಂದೇ ಮೇಜಿನಲ್ಲಿ ಕೂತಿದ್ದರೂ "ಅವರಿಗೆ ಇನ್ನೊಂದು ದೋಸೆ ಬೇಕಾ ಕೇಳು" ಎಂದು ಅವರು ಸುಮತಿಗೆ ಹೇಳುವುದು, "ಸಾಕು ಅಂತ ಹೇಳು" ಎಂದು ನಾನೂ ಸುಮತಿಗೇ ಹೇಳುವುದು. ಸುಮತಿ ಇಬ್ಬರ ಮಾತನ್ನೂ ಕೇಳಿಸಿಕೊಂಡು, ತನಗೆ ಸರಿಕಂಡಂತೆ ದೋಸೆ ಬಡಿಸುತ್ತಿದ್ದಳು.

ಸುಮತಿ ಹೋದ ಮೇಲೆ ಮಾತು ದಾಟುವ ಸೇತುವೆಯೇ ಹೋದ ಹಾಗಾಯಿತು. ಅಕ್ಷತಾ ಬೆಳಿಗ್ಗೆ ಲೋಕಲ್ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುವವಳು. ಅಲ್ಲಿಯವರೆಗೆ ಅತ್ತೆ ಕುಕ್ಕರಿನ ಜೊತೆ ಮಾತಾಡುತ್ತಿದ್ದರು. "ಅನ್ನ ಆಯ್ತು ಅಂತ ಕಾಣ್ತದೆ" ಎಂದು ಅವರು ಕುಕ್ಕರಿಗೆ ಹೇಳಿದರೆ ನಾನು ಊಟಕ್ಕೆ ಏಳಬೇಕೆಂದು ಅರ್ಥ. "ಸ್ವಲ್ಪ ಹೊತ್ತಾಗಲಿ" ಎಂದು ನಾನು ಗೋಡೆಯ ಗಡಿಯಾರಕ್ಕೆ ಉತ್ತರ ಕೊಡುತ್ತಿದ್ದೆ. ಊಟ ಮುಗಿದರೆ ಅವರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ಅವರು ಅಳುತ್ತಿದ್ದರೋ ಏನೋ. ಹೊರಗೆ ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದೆ. ಒಬ್ಬಳಿಗಾಗಿಯೇ ಇಬ್ಬರೂ ದುಃಖಪಡುತ್ತಿದ್ದೆವು, ಆದರೆ ಆ ದುಃಖವನ್ನು ಈಚೆಯಿಂದ ಆಚೆಗೆ ತಲುಪಿಸಲು ಅವಳೇ ಇರಲಿಲ್ಲ.

ಇಷ್ಟರಲ್ಲಿ ಸುಮತಿಯ ತಮ್ಮ ಸದಾನಂದ ಫೋನ್ ಮಾಡಿದ. ದಹಿಸರಿನಲ್ಲಿ ಅವನದೊಂದು ಸಣ್ಣ ಅಂಗಡಿ. "ಭಾವ, ಅಕ್ಕ ಇದ್ದಾಗ ಬೇರೆ ಮಾತು. ಇನ್ನು ಅಮ್ಮ ಅಲ್ಲಿ ಇದ್ದರೆ ಜನ ನನಗೆ ಉಗುಳ್ತಾರೆ. ವರ್ಷದ ಕಾರ್ಯ ಆಗ್ಲಿ, ನಾನು ಬಂದು ಕರ್ಕೊಂಡು ಹೋಗ್ತೇನೆ" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ಹ್ಞೂಂ" ಎಂದೆ. ಫೋನ್ ಇಟ್ಟ ಮೇಲೆ ಯೋಚಿಸಿದೆ. ಕುಕ್ಕರಿನ ಜೊತೆ ಮಾತಾಡುವ ಈ ಮುದುಕಿಯೂ ಹೋದರೆ ಮನೆಯಲ್ಲಿ ಸುಮತಿಯ ಗಂಟಲಿನ ಛಾಯೆ ಇರುವ ಒಂದು ದನಿಯೂ ಉಳಿಯುವುದಿಲ್ಲ. ಅವರು ಹೋಗುವುದು ನನಗೆ ಬೇಡವಾಗಿತ್ತು. ಆದರೆ ಇದನ್ನು ಹೇಳುವುದು ಹೇಗೆ? ಗಡಿಯಾರದ ಮೂಲಕ ಹೇಳುವ ವಿಷಯವಲ್ಲ.

ಪೆಟ್ಟಿಗೆ ಬಂದ ಸಂಜೆ ಅಕ್ಷತಾ ನನ್ನನ್ನು ಟಿವಿಯ ಎದುರು ನಿಲ್ಲಿಸಿದಳು. "ಸಿಂಪಲ್ ಇದೆ ಪಪ್ಪಾ. ಹಾತ್ ಹಿಲಾವ್, ಬಸ್." ನಾನು ಕೈ ಹಿಲಾಯಿಸಿದೆ. ಪರದೆಯಲ್ಲಿ ಏನೂ ಆಗಲಿಲ್ಲ. ಎದುರಿಗೆ ಮನುಷ್ಯರು ಯಾರೂ ಇಲ್ಲ ಎಂದು ಯಂತ್ರ ಇಂಗ್ಲಿಷಿನಲ್ಲಿ ತಿಳಿಸಿತು. "ಜೋರಾಗಿ ಪಪ್ಪಾ." ನಾನು ಜೋರಾಗಿ ಎಂದು ನನಗನ್ನಿಸಿದಷ್ಟು ಬೀಸಿದೆ. ಒಮ್ಮೆಲೇ ಗಂಟೆ ಬಾರಿಸಿ ಬೊಂಬೆಯೊಂದು ಎದ್ದು ನಿಂತು ಕುಣಿಯತೊಡಗಿತು. ನನಗೆ ಹಿಗ್ಗೋ ಹಿಗ್ಗು. ನಾನು ಕೈ ಇಳಿಸಿದರೂ ಅದು ಕುಣಿಯುತ್ತಲೇ ಇತ್ತು. ತಿರುಗಿ ನೋಡಿದರೆ ಹಿಂದೆ ಕಿಟಕಿಯ ಹತ್ತಿರ ಹಗ್ಗದಲ್ಲಿ ಒಣಹಾಕಿದ್ದ ನನ್ನ ಲುಂಗಿ ಫ್ಯಾನಿನ ಗಾಳಿಗೆ ಹಾರಾಡುತ್ತಿತ್ತು. ಯಂತ್ರ ನನ್ನನ್ನು ಬಿಟ್ಟು ಲುಂಗಿಯನ್ನು ಆಟಗಾರನೆಂದು ಒಪ್ಪಿಕೊಂಡಿತ್ತು. ಅಷ್ಟೇ ಅಲ್ಲ, ಲುಂಗಿ ಮೊದಲ ಸುತ್ತು ಗೆದ್ದೂಬಿಟ್ಟಿತು. ಅಕ್ಷತಾ ಸೋಫಾದ ಮೇಲೆ ಬಿದ್ದು ನಕ್ಕಳು. ಅಮ್ಮ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅದಕ್ಕಾಗಿ ಇನ್ನೂ ನಾಲ್ಕು ಲುಂಗಿ ಒಣಹಾಕಲು ನಾನು ತಯಾರಿದ್ದೆ. ಅತ್ತೆಯ ಕೋಣೆಯ ಬಾಗಿಲು ಮಾತ್ರ ತೆರೆಯಲಿಲ್ಲ.

"ಬರೇ ನಾವು ಮೂವರು ಸಾಲುವುದಿಲ್ಲ ಪಪ್ಪಾ, ಇನ್ನೂ ಲೋಗ್ ಬೇಕು" ಎಂದಳು ಅಕ್ಷತಾ. "ಬಿಲ್ಡಿಂಗಿನ ನಮ್ಮ ಊರಿನವರನ್ನು ಬುಲಾವ್ ನಾ." ನಮ್ಮ ಸೊಸೈಟಿಯಲ್ಲಿ ಊರ ಕಡೆಯ ಆರೇಳು ಮನೆಗಳಿವೆ. ಅವರೆಲ್ಲ ಸುಮತಿಗೆ ಬೇಕಾದವರು. ಅವಳು ಹೋದ ಮೇಲೆ ಮೊದಮೊದಲು ಬಂದರು, ನಾನು ಮಾತಾಡದೆ ಕೂತದ್ದನ್ನು ನೋಡಿ ಕ್ರಮೇಣ ಬರುವುದನ್ನು ಬಿಟ್ಟರು. ಮನೆಮನೆಗೆ ಹೋಗಿ ಕರೆಯುವ ಧೈರ್ಯ ನನಗೆಲ್ಲಿ? ಅವರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದೆ. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ದಿನಗಳಲ್ಲಿ ನಾನು ರಾತ್ರಿಶಾಲೆಯಲ್ಲಿ ಕಲಿತದ್ದು ಪುಸ್ತಕದ ಕನ್ನಡ. ಬರೆಯುವಾಗ ಅದೇ ಬರುತ್ತದೆ. "ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಆಟ ಇದೆ. ತಾವೆಲ್ಲರೂ ಬರಬೇಕು." ಅಕ್ಷತಾಳಿಗೆ ತೋರಿಸಿದೆ. ಅವಳಿಗೆ ಕನ್ನಡ ಓದಲು ಬಾರದು. "ಮಸ್ತ್ ಇದೆ" ಎಂದಳು.

ಸ್ವಲ್ಪ ಹೊತ್ತಿನಲ್ಲಿ ಎರಡನೆಯ ಮಾಳಿಗೆಯ ಶೀನಣ್ಣನ ಫೋನು. ಶೀನಣ್ಣ ಕಾರ್ಖಾನೆಯೊಂದರ ಕ್ಯಾಂಟೀನ್ ನಡೆಸುವವ.

"ಓದಿದೆ ಮಾರಾಯ್ರೇ. ಕಣ್ಣಲ್ಲಿ ನೀರು ಬಂತು. ಪ್ರಸಂಗ ಯಾವುದು?"

ಪ್ರಸಂಗವೇನು ಬಂತು ಎಂದು ಕೇಳುತ್ತಿದ್ದಾನೆಂದು ನಾನು ತಿಳಿದೆ. "ಪ್ರಸಂಗ ಅಂತ ವಿಶೇಷ ಏನಿಲ್ಲ. ಅಕ್ಷತಾ ಎಲ್ಲ ಏರ್ಪಾಡು ಮಾಡಿದ್ದಾಳೆ."

"ಅಕ್ಷತಾ? ಭಾರೀ ಸಂತೋಷ. ಎಷ್ಟು ಜನ?"

"ಒಂದು ಸಲಕ್ಕೆ ಇಬ್ಬರು ಸಾಕು."

"ಇಬ್ಬರಲ್ಲಿ ಮುಗಿಸ್ತೀರಾ? ಆಗ್ಲಿ, ಈಗ ಎಲ್ಲ ಚುಟುಕಿನ ಕಾಲ. ಕುಣೀಲಿಕ್ಕೆ ಜಾಗ ಸಾಕಾ?"

"ಸೋಫಾ ಆಚೆ ಸರಿಸಿದ್ದೇನೆ."

"ಸರಿ, ಉಳಿದದ್ದು ನಾನು ನೋಡ್ಕೊಳ್ತೇನೆ" ಎಂದು ಫೋನ್ ಇಟ್ಟ. ಗೇಮಿನ ಬಗ್ಗೆ ಇವನಿಗೇಕೆ ಕಣ್ಣಲ್ಲಿ ನೀರು ಎಂದು ನನಗೆ ಒಂದು ಗಳಿಗೆ ಅನಿಸಿತು. ಒಳ್ಳೆಯ ಮನುಷ್ಯ, ಬೇಗ ಕರಗುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ.

ಆ ವಾರ ಮನೆಯಲ್ಲಿ ಏನೋ ಬದಲಾಗಿತ್ತು. ಭಾನುವಾರದ ಸುದ್ದಿ ಬಿಲ್ಡಿಂಗಿನವರಿಂದ ಅತ್ತೆಗೂ ತಲುಪಿತ್ತು. ಅತ್ತೆಯ ಕೋಣೆಯ ಬಾಗಿಲು ಅರ್ಧ ತೆರೆದೇ ಇರುತ್ತಿತ್ತು. ಒಂದು ದಿನ "ಭಾನುವಾರ ಎಷ್ಟು ಜನಕ್ಕೆ ಚಾ ಇಡ್ಬೇಕೋ" ಎಂದು ಕ್ಯಾಲೆಂಡರನ್ನು ಕೇಳಿದರು. ಇನ್ನೊಂದು ದಿನ ನನ್ನ ತಟ್ಟೆಗೆ ಹೇಳದೆಯೇ ಒಂದು ಸೌಟು ಪಾಯಸ ಬಿತ್ತು. ಗೇಮ್ ಆಡದವರನ್ನು ಒಲಿಸುವ ಯಂತ್ರ ಎಂದರೆ ಇದು, ಇನ್ನೂ ನೋಡದವರೂ ಒಲಿಯುತ್ತಿದ್ದಾರಲ್ಲ ಎಂದು ನಾನು ಒಳಗೊಳಗೇ ಕುಣಿದೆ. ಇದೇ ಪೆಟ್ಟಿಗೆ ಅವರನ್ನು ಇಲ್ಲಿ ಉಳಿಸಿದರೂ ಉಳಿಸೀತು ಎಂಬ ಆಸೆ ಹುಟ್ಟಿತು. ಭಾನುವಾರಕ್ಕೆ ಎಳೆಯ ಮಕ್ಕಳಂತೆ ಕಾದೆ. ಲುಂಗಿಯನ್ನು ಬೆಳಿಗ್ಗೆಯೇ ಹಗ್ಗದಿಂದ ತೆಗೆದೆ.

ಭಾನುವಾರ ಸಂಜೆ ಬಾಗಿಲು ತೆರೆದರೆ ಶೀನಣ್ಣ ಹೆಗಲಿಗೆ ಚೆಂಡೆ ನೇತುಹಾಕಿಕೊಂಡು ನಿಂತಿದ್ದ. ಹಿಂದೆ ಆರೇಳು ಮನೆಯವರೆಲ್ಲ ಸೇರಿ ಮೆಟ್ಟಿಲು ತುಂಬಿದ್ದರು. ಹೆಂಗಸರ ತಲೆಯಲ್ಲಿ ಮಲ್ಲಿಗೆ, ಒಬ್ಬರ ಕಂಕುಳಲ್ಲಿ ಸುತ್ತಿದ ಚಾಪೆ.

"ಚೆಂಡೆ ಯಾಕೆ ಶೀನಣ್ಣ?"

"ಚೆಂಡೆ ಇಲ್ಲದೆ ಆಟ ಉಂಟಾ ಮಾರಾಯ್ರೇ?"

ಆಗ ಹೊಳೆಯಿತು. ಪುಸ್ತಕದ ಕನ್ನಡದಲ್ಲಿ ಆಟ ಎಂದರೆ ಮಕ್ಕಳು ಆಡುವುದೂ ಹೌದು, ದೊಡ್ಡವರು ಆಡುವುದೂ ಹೌದು. ನಮ್ಮ ಕರಾವಳಿಯವರ ಕಿವಿಗೆ ಆಟ ಎಂದರೆ ಒಂದೇ, ಯಕ್ಷಗಾನ. ಶೀನಣ್ಣ ಕೇಳಿದ ಪ್ರಸಂಗ ಅದರಲ್ಲಿ ಆಡುವ ಕಥೆ. ಮಕ್ಕಳ ಆಟಕ್ಕೆ ತುಳುವಿನಲ್ಲಿ ಗೊಬ್ಬು ಎಂಬ ಬೇರೆ ಪದವೇ ಇದೆ. ಮನೆಯಲ್ಲಿ ಆಟ ಇದೆ ಎಂದರೆ ಆ ಮನೆಯವರು ದೇವರಿಗೆ ಹರಕೆ ಹೊತ್ತು ಯಕ್ಷಗಾನ ಆಡಿಸುತ್ತಿದ್ದಾರೆ ಎಂದರ್ಥ. ಹುಟ್ಟಿದಂದಿನಿಂದ ಕೇಳಿದ ಮಾತನ್ನು ಮಾಸ್ತರರ ಕನ್ನಡದಲ್ಲಿ ಬರೆದು, ಇಡೀ ಬಿಲ್ಡಿಂಗನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದೆ.

ತಿರುಗಿ ನೋಡಿದರೆ ಅತ್ತೆ ಕೋಣೆಯಿಂದ ಹೊರಗೆ ಬಂದಿದ್ದರು. ರೇಷ್ಮೆಯ ಪಟ್ಟೆ ಸೀರೆ ಉಟ್ಟಿದ್ದರು. ಕೈಯಲ್ಲಿ ದೇವರ ಮುಂದಿನ ಕಾಲುದೀಪ. ಅದನ್ನು ಸೋಫಾ ಸರಿಸಿದ ಜಾಗದ ಮೂಲೆಯಲ್ಲಿ, ಟಿವಿಯ ಎದುರಿಗೆ, ನೆಲದ ಮೇಲೆ ಇಟ್ಟು ಹಚ್ಚಿದರು. ಆಮೇಲೆ ಬಂದವರ ಕಡೆ ತಿರುಗಿ, ನನ್ನ ಕಡೆ ನೋಡದೆ, ಹೇಳಿದರು.

"ಆಸ್ಪತ್ರೆಯಲ್ಲಿರುವಾಗ ಸುಮತಿ ನನ್ನ ಹತ್ತಿರ ಹೇಳಿದ್ದಳು, ಗುಣ ಆದರೆ ಒಂದು ಆಟ ಆಡಿಸ್ತೇನೆ ಅಂತ. ಇವರಿಗೂ ಹೇಳಿರ್ಬೇಕು. ಅವಳಿಗೆ ಗುಣ ಆಗ್ಲಿಲ್ಲ. ಆದರೂ ಇವರು ಅವಳ ಮಾತು ಬಿಡ್ಲಿಲ್ಲ ನೋಡಿ."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಶೀನಣ್ಣ ಚೆಂಡೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದ. ನನಗೆ ಕೆಳಗಿನ ಮಾಳಿಗೆಗೆ ಕುಸಿದುಬಿಡಬಾರದೇ ಅನಿಸಿತು. ಸುಮತಿ ನನಗೆ ಏನನ್ನೂ ಹೇಳಿರಲಿಲ್ಲ. ಸುಮ್ಮನಿದ್ದುಬಿಡೋಣವೇ? ಆದರೆ ಸುಮ್ಮನಿದ್ದರೆ ವೇಷ ಎಲ್ಲಿಂದ ಬರಬೇಕು, ಹಾಡುವ ಭಾಗವತರು ಎಲ್ಲಿಂದ ಬರಬೇಕು? ನಿಜ ಹೇಳಿದರೆ ಇವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ, ಇನ್ನು ಅದು ತೆರೆಯುವುದು ದಹಿಸರಿಗೆ ಹೊರಡುವ ದಿನವೇ. ನನ್ನ ಹತ್ತಿರ ಗಡಿಯಾರ ಬಿಟ್ಟರೆ ಯಾರೂ ಇರಲಿಲ್ಲ. ಅದನ್ನೇ ನೋಡುತ್ತ ಹೇಳಿದೆ.

"ಇದು ಆ ಆಟ ಅಲ್ಲ. ನನಗೆ ಹರಕೆ ಗೊತ್ತಿರಲಿಲ್ಲ. ನಾನು ಬರೆದದ್ದು ತಪ್ಪಾಯಿತು."

ಅತ್ತೆ ನಿಧಾನವಾಗಿ ಮೊಮ್ಮಗಳ ಕಡೆ ತಿರುಗಿದರು. "ಮತ್ತೆ ಎಂತದು?"

ಅಕ್ಷತಾಳಿಗೆ ಏನಾಯಿತೆಂದೇ ತಿಳಿದಿರಲಿಲ್ಲ. ಪಾಪ, ಪೆಟ್ಟಿಗೆ ತೋರಿಸಿ "ಗೊಬ್ಬು, ಅಜ್ಜಿ" ಎಂದಳು.

ಅತ್ತೆ ಪೆಟ್ಟಿಗೆ ನೋಡಿದರು, ಟಿವಿ ನೋಡಿದರು, ಕೊನೆಗೆ ತಾವೇ ಹಚ್ಚಿದ ದೀಪ ನೋಡಿದರು. ಅದು ಚೆನ್ನಾಗಿ ಉರಿಯುತ್ತಿತ್ತು.

"ದೀಪ ಇಟ್ಟಾಯ್ತಲ್ಲ" ಎಂದರು. "ದೀಪ ಇಟ್ಟ ಮೇಲೆ ಆಟ ಆಗದೆ ಏಳುವ ಕ್ರಮ ಇಲ್ಲ. ಶೀನ, ಬಾರಿಸು. ಮಗಾ, ಹೇಗೆ ಮಾಡುದು ತೋರಿಸು."

ಆಮೇಲೆ ಆದದ್ದನ್ನು ಕ್ರಮವಾಗಿ ಹೇಳುವುದು ಕಷ್ಟ. ನಾಲ್ಕೂ ಕಡೆಯಿಂದ ಚೆಂಡುಗಳು ಹಾರಿಬರುವ, ಕೈಕಾಲಿನಿಂದ ಅವನ್ನು ಹೊಡೆದೋಡಿಸುವ ಗೇಮೊಂದನ್ನು ಅಕ್ಷತಾ ಹಾಕಿದಳು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ಶೀನಣ್ಣನ ಚೆಂಡೆ ಶುರುವಾಯಿತು. ಮೊದಲ ಚೆಂಡು ಎಡದಿಂದ ಬಂತು. ಅತ್ತೆಯ ಎಡ ಮೊಣಕೈ ಹೊರಕ್ಕೆ ಚಿಮ್ಮಿತು. ಬಲದಿಂದ ಬಂತು, ಬಲ ಮೊಣಕೈ. ಸೆಂಟ್ರಲ್ ಲೈನಿನ ರೈಲಿನ ಲೇಡೀಸ್ ಡಬ್ಬಿಯಲ್ಲಿ ಭಾಂಡುಪಿನಿಂದ ಮಾಟುಂಗಾದ ದೇವಸ್ಥಾನಗಳಿಗೆ ಓಡಾಡಿ ಪಳಗಿದ ಮೊಣಕೈಗಳವು. ಹತ್ತುವವರನ್ನೂ ಇಳಿಯುವವರನ್ನೂ ಒಟ್ಟಿಗೆ ಎದುರಿಸಿದವರಿಗೆ ಟಿವಿಯ ಚೆಂಡು ಯಾವ ಲೆಕ್ಕ? ಯಂತ್ರ ಅವರನ್ನು ಒಂದು ಸಲವೂ ಯಾರೆಂದು ಕೇಳಲಿಲ್ಲ. ಅಂಕ ಏರಿದಂತೆ ಶೀನಣ್ಣನ ಪೆಟ್ಟೂ ಏರಿತು, ಕೂತವರು ಎದ್ದು ನಿಂತರು. ಆಚೆಮನೆಯ ಮರಾಠಿ ಹೆಂಗಸು ಪರಬ್ ವಹಿನಿ ಸದ್ದು ಕೇಳಿ ಜಗಳಕ್ಕೆಂದೇ ಬಂದವರು, "ಕಾಯ್ ಚಾಲ್ಲಂಯ್ ಹೇ?" ಇದೇನು ನಡೆಸಿದ್ದೀರಿ ಎಂದು ಬಾಗಿಲಲ್ಲಿ ನಿಂತು, ಉತ್ತರಕ್ಕೆ ಕಾಯದೆ ಚಪ್ಪಲಿ ಬಿಟ್ಟು ಒಳಗೆ ಬಂದು, ಮುಂದಿನ ಸರದಿ ತನ್ನದೆಂದು ನಿಂತರು. ಶೀನಣ್ಣ ಚೆಂಡೆಯನ್ನು ಇನ್ನೊಬ್ಬರಿಗೆ ಕೊಟ್ಟು ಯಕ್ಷಗಾನದ ಧಿಗಿಣ ಹಾಕಿದ. ಆ ಸುತ್ತು ತಿರುಗುವಿಕೆಗೆ ಟಿವಿಯ ಬೊಂಬೆ ಮೊದಲು ತಿರುಗಿತು, ಆಮೇಲೆ ತಲೆ ಕೆಳಗಾಯಿತು, ಕೊನೆಗೆ ನೆಲದ ಮೇಲೆ ಅಡ್ಡ ಬಿತ್ತು. ಯಂತ್ರ ಅವನಿಗೆ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳುವಂತೆ ಸೂಚಿಸಿತು.

ನಾನು ಇದನ್ನೆಲ್ಲ ನೋಡುತ್ತ ಬಾಯಿಬಿಟ್ಟು ನಿಂತಿದ್ದೆ. ನಿಂತ ಜಾಗ ಸರಿ ಇರಲಿಲ್ಲ. ಅತ್ತೆಯ ಎರಡನೆಯ ಸರದಿ ನಡೆಯುತ್ತಿತ್ತು.

"ಬದಿಗೆ ಸರೀರಿ ಮಾರಾಯ್ರೇ, ಚೆಂಡು ಕಾಣುದಿಲ್ಲ."

ಸರಿದೆ. ಸರಿದ ಮೇಲೆ ಅರ್ಥವಾಯಿತು. ಆ ಮಾತನ್ನು ಅವರು ಕುಕ್ಕರಿಗೆ ಹೇಳಿರಲಿಲ್ಲ, ಕ್ಯಾಲೆಂಡರಿಗೆ ಹೇಳಿರಲಿಲ್ಲ, ಅಕ್ಷತಾಳಿಗೂ ಹೇಳಿರಲಿಲ್ಲ. ಅಡುಗೆಮನೆಗೆ ಹೋಗಿ, ನೀರು ಕುಡಿಯುವ ನೆಪದಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ.

ಮರುದಿನದಿಂದ ಸಂಜೆ ಚಾ ಆದೊಡನೆ ಅತ್ತೆ ಟಿವಿಯ ಎದುರು ಬಂದು ನಿಲ್ಲತೊಡಗಿದರು. ಜೋಡಿ ಬೇಕಲ್ಲ, ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಯಂತ್ರ ನನ್ನನ್ನು ಮನುಷ್ಯನೆಂದು ಗುರುತಿಸಲು ವಾರ ಹಿಡಿಯಿತು. "ಕೈ ಎತ್ತಿ. ಇನ್ನೂ ಮೇಲೆ. ಗೋವಿಂದ ಅನ್ನುವಷ್ಟು ಎತ್ತಿ" ಎಂದು ಅತ್ತೆ ಹೇಳಿಕೊಡುತ್ತಿದ್ದರು. ಅವರ ಮಾತೆಲ್ಲ ಚೆಂಡಿನದು, ಸರದಿಯದು. ಸುಮತಿಯ ಸುದ್ದಿಯಿಲ್ಲ, ದಹಿಸರಿನ ಸುದ್ದಿಯಿಲ್ಲ. ಆದರೂ ಮಾತು ಮಾತೇ. ಊರ ಕಡೆಯವರೂ ಒಬ್ಬೊಬ್ಬರಾಗಿ ಬಂದು ಹೋಗತೊಡಗಿದರು.

ತಿಂಗಳು ತುಂಬಿತು. ವರ್ಷದ ಕಾರ್ಯ ಆಯಿತು. ಕಂಪನಿಯವರು ಬಂದು ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋದರು. ಮರುದಿನವೇ ಸದಾನಂದ ಬಂದ. ಅತ್ತೆಯ ಸೂಟ್‌ಕೇಸ್ ಬಾಗಿಲ ಬಳಿ ಬಂದು ಕೂತಿತ್ತು. ಅವರನ್ನು ಇಲ್ಲಿ ಹಿಡಿದಿಟ್ಟದ್ದು ಪೆಟ್ಟಿಗೆಯಾಗಿದ್ದರೆ ಈಗ ಹಿಡಿಯಲು ಏನೂ ಉಳಿದಿರಲಿಲ್ಲ. ಸದಾನಂದ ಸೂಟ್‌ಕೇಸಿನ ಹಿಡಿಕೆಗೆ ಕೈ ಹಾಕಿದ.

"ಅತ್ತೆ, ಹೋಗಬೇಡಿ" ಎಂದೆ.

ಹೇಳಿದ ಮೇಲೆ ನೋಡಿಕೊಳ್ಳುತ್ತೇನೆ, ನನ್ನ ಎರಡೂ ಕೈಗಳು ಬಾಗಿಲಿನ ಅಡ್ಡಕ್ಕೆ ಚಾಚಿಕೊಂಡು ನಿಂತಿದ್ದವು. ಯಂತ್ರವಿದ್ದಿದ್ದರೆ ಪೂರ್ತಿ ಅಂಕ ಕೊಡುತ್ತಿತ್ತು.

ಸದಾನಂದ ಕಕ್ಕಾಬಿಕ್ಕಿಯಾದ. "ಭಾವ, ಇದು ನೀವೇ ಹೇಳುದಾ?"

ಅತ್ತೆ ನನ್ನನ್ನು ನೋಡಿದರು. ಮಗನನ್ನು ನೋಡಿದರು. "ಇಷ್ಟು ವರ್ಷದಲ್ಲಿ ಇವರು ನನ್ನ ಹತ್ತಿರ ಕೇಳಿದ್ದು ಇದೊಂದು" ಎಂದರು. "ಇಲ್ಲ ಅನ್ನುದು ಹೇಗೆ ಮಾರಾಯ? ನೀನು ಚಾ ಕುಡಿದು ಹೋಗು. ವಾರಕ್ಕೊಮ್ಮೆ ಬಾ, ಜನರ ಬಾಯಿಗೆ ಅಷ್ಟು ಸಾಕು."

ಕೆಲವು ದಿನಗಳ ಮೇಲೆ ಅಕ್ಷತಾಳ ಕಂಪನಿಯಿಂದ ಒಬ್ಬ ಹುಡುಗಿ ಫೋನ್ ಮಾಡಿ, "ಅಂಕಲ್, ಪಹಲೇ ಆಪ್ ಲೋಗ್ ಗೇಮ್ ನಹೀ ಖೇಲ್ತೇ ಥೇ, ಅಬ್ ಖೇಲ್ನಾ ಚಾಹತೇ ಹೈ ಕ್ಯಾ?" ಎಂದು, ಮೊದಲು ಆಡದವರಿಗೆ ಈಗ ಆಡಬೇಕೆನಿಸುತ್ತದೆಯೇ ಎಂದು, ಹಿಂದಿಯಲ್ಲಿ ಕೇಳಿದಳು. ಇಲ್ಲ, ಆಡಬೇಕೆಂದೇನೂ ಅನಿಸುವುದಿಲ್ಲ, ಆದರೆ ಈಗ ಮಾತಾಡುತ್ತೇವೆ ಎಂದೆ. ಅವಳು, ಹಾಗೆ ಬರೆದುಕೊಳ್ಳಲು ತಮ್ಮಲ್ಲಿ ಜಾಗವಿಲ್ಲವೆಂದಳು.

ಮಾತಾಡುತ್ತೇವೆ ಎಂದೆನಲ್ಲ, ಅದರ ವಿಷಯವನ್ನೂ ಹೇಳಿಬಿಡುತ್ತೇನೆ. ಮೊನ್ನೆ ಶೀನಣ್ಣನ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟಿದ್ದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ನೀಲಿ ಅಂಗಿ ನಿಮಗೆ ಒಪ್ಪುದೇ ಇಲ್ಲ" ಎಂದರು. "ಮದುವೆ ಆದ ಹೊಸತರಲ್ಲೇ ಸುಮತಿ ಹತ್ತಿರ ಹೇಳಿದ್ದೆ. ಅವಳು ಹೇಳ್ಲಿಲ್ವಾ?"

ಹೇಳಿದ್ದಳು. ಅಮ್ಮನಿಗೆ ನಿಮ್ಮ ನೀಲಿ ಅಂಗಿ ಭಾರೀ ಇಷ್ಟವಂತೆ ಎಂದು ಹೇಳಿದ್ದಳು. ಅಂದಿನಿಂದ ಅತ್ತೆಯ ಸಂತೋಷಕ್ಕೆಂದು ನಾನು ನೀಲಿಯನ್ನು ಬಿಟ್ಟು ಬೇರೆ ಬಣ್ಣ ಕೊಂಡವನಲ್ಲ. ಇದನ್ನು ಕೇಳಿ ಅತ್ತೆ ಸೋಫಾದ ಮೇಲೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು, ಮೈ ಅಲುಗುವಷ್ಟು ನಕ್ಕರು. ನಗು ಹಾಗೆಯೇ ಅಳುವಾಯಿತು. ನಾನೂ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರು ಕಣ್ಣೊರೆಸಿಕೊಂಡು, "ನನ್ನ ಹುಳಿ ನಿಮಗೆ ಇಷ್ಟ ಅಂತ ಹೇಳ್ತಿದ್ದಳಲ್ಲ, ಅದಾದ್ರೂ ನಿಜವಾ?" ಎಂದು ಕೇಳಿದರು.

ನಾನು ಎದ್ದು ಬೇರೆ ಅಂಗಿ ಹುಡುಕಲು ಹೋದೆ. ಕಪಾಟು ತೆರೆದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲವೂ ನೀಲಿ. ಹಾಕಿಕೊಂಡಿದ್ದನ್ನೇ ಹಾಕಿಕೊಂಡು ಪೂಜೆಗೆ ಹೋದೆ.